ಪರದೆಯ ಮೇಲಿನ ಹಾವು ಮತ್ತು ಚಕ್ಕುಲಿ ಎಂಬ ಕರು

ಮೂವತ್ತನಾಲ್ಕಕ್ಕೇ ನಿವೃತ್ತಿಯ ನೆನಪು ಬರೆಯಲು ಕೂತಿದ್ದೀಯಲ್ಲ, ಕೂದಲಾದರೂ ಒಂದೆರಡು ಬೆಳ್ಳಗಾಗಲಿ ಎಂದು ನಮ್ಮ ಚಿಕ್ಕಪ್ಪ ಅಂದರು. ಅವರು ಅರವತ್ತಕ್ಕೆ ನಿವೃತ್ತರಾಗಿ ಅಮೃತಹಳ್ಳಿಯ ಪಾರ್ಕಿನಲ್ಲಿ ದಿನಾ ಅದೇ ನಾಲ್ಕು ಜನರಿಗೆ ಅದೇ ನಾಲ್ಕು ಕಥೆ ಹೇಳುವವರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾರಾದರೂ ನನ್ನ ಅರ್ಹತೆ ಪ್ರಶ್ನಿಸಿದರೆ ಮೊದಲು ಪದದ ಅರ್ಥ ನಿಗದಿ ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ನಿವೃತ್ತಿಯಲ್ಲಿ ಎರಡು ಬಗೆ. ಮನುಷ್ಯ ಕೆಲಸ ಬಿಟ್ಟು ಮನೆಗೆ ಹೋಗುವುದು ಒಂದು. ಮನುಷ್ಯ ಕುರ್ಚಿಯಲ್ಲಿ ಕೂತೇ ಇರುವಾಗ ಕೆಲಸ ಎದ್ದು ಹೋಗುವುದು ಇನ್ನೊಂದು. ನನ್ನದು ಎರಡನೆಯದು. ನಾನು ನೋಡಿಕೊಳ್ಳುತ್ತಿದ್ದ ಯಂತ್ರಗಳಲ್ಲಿ ಕೊನೆಯದನ್ನು ನನ್ನ ಕೈಯಾರೆ ಆರಿಸಿ ಬಂದಿದ್ದೇನೆ. ಇದಕ್ಕಿಂತ ಪೂರ್ಣ ನಿವೃತ್ತಿ ಚಿಕ್ಕಪ್ಪನಿಗೂ ಆಗಿಲ್ಲ. ಅವರ ಆಫೀಸು ಇನ್ನೂ ನಡೆಯುತ್ತಿದೆ, ಅವರಿಲ್ಲದೆ ಚೆನ್ನಾಗಿಯೇ.

ಈಗ ಸರ್ವರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಯಂತ್ರದ ಮುಖ ನೋಡುವ ಪ್ರಾರಬ್ಧವಿಲ್ಲ. ಅದು ಎಲ್ಲೋ ಮೋಡದಲ್ಲಿದೆ ಅನ್ನುತ್ತಾರೆ. ಆ ಮೋಡದ ಕೆಳಗೂ ಒಂದು ಡಿಸ್ಕು ತಿರುಗುತ್ತಿರುತ್ತದೆ, ಅದಕ್ಕೊಂದು ಡ್ರೈವರ್ ಇರುತ್ತದೆ, ಅದರ ಪಕ್ಕ ತನಗೆಲ್ಲ ಗೊತ್ತು ಎನ್ನುವ ಒಬ್ಬ ಹಿರಿಯ ಇರುತ್ತಾನೆ ಎಂಬಷ್ಟು ನಂಬಿಕೆ ನನಗಿದೆ. ಅವರಿಗಾಗಿ ಇದು. ನನ್ನ ವಿಸಿಟಿಂಗ್ ಕಾರ್ಡಿನ ಮೇಲಿನ ಹುದ್ದೆ ಮೂರು ಸಲ ಬದಲಾಯಿತು, ಮೂರು ಸಲವೂ ಕಾರ್ಡು ಮುದ್ರಿಸಿದವನಿಗೆ ಮಾತ್ರ ಲಾಭವಾಯಿತು. ಆದ್ದರಿಂದ ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು.

ನಮ್ಮ ಕಚೇರಿ ಯಶವಂತಪುರದಲ್ಲಿ ಒಂದು ಬ್ಯಾಟರಿ ಅಂಗಡಿಯ ಮಹಡಿಯ ಮೇಲಿತ್ತು. ಯಜಮಾನರು ಗದಗಿನ ಕಡೆಯ ಹಿರೇಮಠ ಸರ್. ಎಲ್ಲರೂ ಹೊಸದರ ಹಿಂದೆ ಓಡುತ್ತಿದ್ದಾಗ ಅವರು ಹಳೆಯದನ್ನು ಹಿಡಿದು ಕೂತು ಅದರಲ್ಲೇ ಬದುಕಿದವರು. ಕಾರ್ಖಾನೆ, ಗೋದಾಮು, ಲೆಕ್ಕಪರಿಶೋಧಕರ ಕಚೇರಿ, ಹೀಗೆ ಉತ್ತರ ಬೆಂಗಳೂರಿನಲ್ಲಿ ಯಾರು ಇಪ್ಪತ್ತು ವರ್ಷ ಹಿಂದಿನ ಫೈಲ್ ಸರ್ವರನ್ನು ಬದಲಿಸಲು ಹೆದರಿ ಇಟ್ಟುಕೊಂಡಿದ್ದರೋ ಅವರೆಲ್ಲ ಹಿರೇಮಠ ಸರ್ ಗಿರಾಕಿಗಳು. ಸಂದರ್ಶನದಲ್ಲಿ ನನ್ನ ಕಾಗದಗಳನ್ನು ತಿರುವಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಇಷ್ಟ್ ಕಪ್ ಗೆದ್ದೀರಿ. ಮಷೀನ್ ಜೋಡಿ ವಾದಾ ಮಾಡಿ ಗೆಲ್ಲಾಕ ಬರ್ತದೇನ್ರಿ?”

ಬರುವುದಿಲ್ಲ, ಆದರೆ ಮಷೀನ್ ಬಗ್ಗೆ ತಪ್ಪು ಹೇಳುವವರ ಜೊತೆ ಬರುತ್ತದೆ ಅಂದೆ. ಅವರು ನಕ್ಕರು. ಅವತ್ತಿನಿಂದ ನನ್ನ ಹೆಸರು ‘ವಕೀಲ್ರ’ ಆಯಿತು. ಹೊಗಳಿಕೆಗೂ ಅದೇ, ಬೈಗುಳಕ್ಕೂ ಅದೇ.

ಕೆಲಸ ಏನೆಂದು ಹೇಳದೆ ಮುಂದೆ ಹೋದರೆ ಅನ್ಯಾಯ. ಕಚೇರಿಯ ಎಲ್ಲ ಕಂಪ್ಯೂಟರುಗಳ ಕಡತಗಳನ್ನು ಒಂದೇ ಕಡೆ ಇಟ್ಟುಕೊಂಡು, ಕೇಳಿದವರಿಗೆ ಕೊಡುವುದು ಫೈಲ್ ಸರ್ವರಿನ ಕೆಲಸ. ಆ ಹಳೆಯ ಸರ್ವರುಗಳ ತಮಾಷೆ ಏನೆಂದರೆ, ಎಚ್ಚರವಾದ ಕೂಡಲೇ ಅವಕ್ಕೆ ತಮ್ಮ ಹೊಟ್ಟೆಯೊಳಗಿನ ಡಿಸ್ಕೇ ಕಾಣುವುದಿಲ್ಲ. ಕಪ್ಪು ಪರದೆಯಲ್ಲಿ ಒಂದು ಚುಕ್ಕೆ ಮಿನುಗಿಸುತ್ತಾ ನಿಲ್ಲುತ್ತವೆ. ಆಗ ನಾವು ಡಿಸ್ಕ್ ಡ್ರೈವರ್ ಎಂಬ ಚಿಕ್ಕ ಪ್ರೋಗ್ರಾಮನ್ನು ಕರೆದು, ಅದಕ್ಕೆ ಎರಡು ಸಂಖ್ಯೆ ಹೇಳಬೇಕು. ಡಿಸ್ಕಿನ ಕಾರ್ಡು ಎಲ್ಲಿದೆ ಎಂಬುದು ಒಂದು. ಇದು ಮನೆ ನಂಬರಿನ ಹಾಗೆ, ಇದಕ್ಕೆ ಪೋರ್ಟ್ ಅನ್ನುತ್ತೇವೆ. ಆ ಕಾರ್ಡಿಗೆ ಏನಾದರೂ ಹೇಳಬೇಕಿದ್ದರೆ ಯಾವ ಗಂಟೆ ಬಾರಿಸುತ್ತದೆ ಎಂಬುದು ಇನ್ನೊಂದು, ಇದಕ್ಕೆ ಇಂಟರಪ್ಟ್. ಎರಡೂ ಸರಿಯಿದ್ದರೆ ಯಂತ್ರಕ್ಕೆ ಕಣ್ಣು ಬರುತ್ತದೆ. ಒಂದು ತಪ್ಪಿದರೂ ಅದು ಜಗಳ ಆಡುವುದಿಲ್ಲ, ವಿವರಿಸುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ವಾದ ಮಾಡಿ ಗೊತ್ತಿದ್ದ ನನಗೆ ಮೌನ ಎದುರಾಳಿಯಾಗಿ ಸಿಕ್ಕಿದ್ದು ಅದೇ ಮೊದಲು.

ಮೊದಲ ತಿಂಗಳಲ್ಲೇ ಒಂದು ಪ್ಲೈವುಡ್ ಗೋದಾಮಿನಲ್ಲಿ ಮಧ್ಯಾಹ್ನವಿಡೀ ಆ ಮೌನದೊಂದಿಗೆ ಕಳೆದೆ. ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆ ಹಾಕಿದೆ, ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಕೈಪಿಡಿಯೇ ಹೇಳುತ್ತಿದೆಯಲ್ಲ ಸರ್ ಎಂದು ಸಂಜೆ ಬಂದ ಹಿರೇಮಠ ಸರ್‌ಗೆ ಪುಟ ತೆರೆದು ತೋರಿಸಿದೆ. ಅವರು ಕೈಪಿಡಿಯನ್ನು ಮುಟ್ಟಲೂ ಇಲ್ಲ. ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿ ಕಾರ್ಡನ್ನು ಹೊರಗೆಳೆದರು. ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಜಂಪರ್ ಎಂಬ ಟೋಪಿಗಳಿರುತ್ತವೆ, ಯಾವ ಕಡ್ಡಿಯ ಮೇಲೆ ಟೋಪಿ ಇದೆಯೋ ಅದೇ ನಿಜವಾದ ವಿಳಾಸ. ಯಾರೋ ಪುಣ್ಯಾತ್ಮ ಎಂದೋ ಟೋಪಿ ಬದಲಿಸಿದ್ದ. ಪುಸ್ತಕದಲ್ಲಿರುವುದು ಕಾರ್ಡು ಹುಟ್ಟಿದಾಗಿನ ವಿಳಾಸ, ಈಗ ಅದು ಬೇರೆ ಮನೆಗೆ ಹೋಗಿದೆ. ಚರ್ಚೆಯಲ್ಲಿ ಗ್ರಂಥದ ಉಲ್ಲೇಖಕ್ಕೆ ಅಂಕ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಇದನ್ನು ಕಲಿತದ್ದಕ್ಕೆ ನನಗೆ ಬೇಸರವಾಗಲಿಲ್ಲ, ಗೋದಾಮಿನ ಮಾಲೀಕರು ಮಾತ್ರ ಅಂದಿನಿಂದ ನನ್ನನ್ನು ಕಂಡರೆ ‘ಬುಕ್ ಮೇಡಂ ಬಂದ್ರು’ ಅನ್ನುತ್ತಿದ್ದರು.

ಹಿರೇಮಠ ಸರ್ ಸದಾ ಸರಿ ಎಂದು ಇದರಿಂದ ತಿಳಿಯಬೇಡಿ. ಅವರಿಗೊಂದು ಮೂಢನಂಬಿಕೆ ಇತ್ತು, ಅದರ ಹೆಸರು ಅರ್ತಿಂಗ್, ವಿದ್ಯುತ್ತನ್ನು ನೆಲಕ್ಕಿಳಿಸುವ ವ್ಯವಸ್ಥೆ. ಪರದೆ ನಡುಗಿದರೆ ಅರ್ತಿಂಗ್. ಫ್ಲಾಪಿ ಓದದಿದ್ದರೆ ಅರ್ತಿಂಗ್. ಆರ್.ಟಿ. ನಗರದ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ದಿನಕ್ಕೆ ಎರಡು ಮೂರು ಸಲ ಸರ್ವರಿನ ಡಿಸ್ಕು ಮಾಯವಾಗುತ್ತಿತ್ತು. ಸರ್ ಗೋಡೆಯ ಸ್ವಿಚ್ಚು ನೋಡಿ ತೀರ್ಪು ಕೊಟ್ಟರು. ಕಟ್ಟಡದ ಹಿಂದೆ ಆಳುದ್ದ ಹೊಂಡ ತೋಡಿಸಿ, ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಹಾಕಿ, ಒಂದು ಮದುವೆ ಮನೆಯ ಉಪ್ಪಿನಕಾಯಿಗೆ ಸಾಲುವಷ್ಟು ಉಪ್ಪು ಸುರಿದರು. ಮಾರನೆಯ ದಿನ ಡಿಸ್ಕು ಮತ್ತೆ ಮಾಯ. ಉಪ್ಪು ಕಡಿಮೆಯಾಗಿರಬೇಕು ಅಂದರು ಸರ್.

ನಾನು ಬೇರೆ ಕಡೆಯಿಂದ ಹೊರಟೆ. ಯಾವಾಗ ಮಾಯವಾಗುತ್ತದೆ ಎಂದು ಅಲ್ಲಿನ ಗುಮಾಸ್ತೆಯನ್ನು ಕೇಳಿದೆ. ಆಕೆಗೆ ಗೊತ್ತಿರಲಿಲ್ಲ. ಹಾಗಾದರೆ ಡಿಸ್ಕು ಮಾಯವಾಗದ ದಿನ ಯಾವುದಾದರೂ ಇದೆಯಾ ಎಂದು ಕೇಳಿದೆ. ಭಾನುವಾರ ಅಂದಳು, ಆಮೇಲೆ ಯೋಚಿಸಿ, ಪ್ರಿಂಟರ್ ರಿಪೇರಿಗೆ ಹೋಗಿದ್ದ ವಾರ ಅಂದಳು. ಅಷ್ಟೇ ಬೇಕಿತ್ತು. ಸರ್ವರಿಗೆ ಜೋಡಿಸಿದ ಪ್ರಿಂಟರಿಗೂ ಡಿಸ್ಕಿನ ಕಾರ್ಡಿಗೂ ಒಂದೇ ಇಂಟರಪ್ಟ್ ಕೊಟ್ಟಿದ್ದರು. ಎರಡು ಬಸ್ಸಿನ ಕಂಡಕ್ಟರುಗಳು ಹೆಬ್ಬಾಳದ ಸ್ಟಾಪಿನಲ್ಲಿ ಒಂದೇ ಶ್ರುತಿಯ ಸೀಟಿ ಊದಿದರೆ ಯಾವ ಬಸ್ಸು ಹೊರಡಬೇಕು? ಪ್ರಿಂಟರ್ ಸೀಟಿ ಊದಿದಾಗಲೆಲ್ಲ ಡಿಸ್ಕು ಹೊರಟುಬಿಡುತ್ತಿತ್ತು. ಕಾರ್ಡಿನ ಮೇಲೆ ಒಂದು ಟೋಪಿ ಸರಿಸಿ, ಸರ್ವರು ಎದ್ದಾಗ ತಾನೇ ಓದಿಕೊಳ್ಳುವ ಆರಂಭದ ಫೈಲಿನಲ್ಲಿ ಒಂದು ಅಂಕಿ ತಿದ್ದಿದೆ. ಅಲ್ಲಿಗೆ ಮುಗಿಯಿತು. ಹೊಂಡದ ಜಾಗದಲ್ಲಿ ಇವತ್ತಿಗೂ ಹುಲ್ಲು ಹುಟ್ಟಿಲ್ಲ. ಹೊಂಡ ತೋಡಿಸಿದ್ದರಿಂದಲೇ ಯಂತ್ರಕ್ಕೆ ನಿಮ್ಮ ಮಾತು ಕೇಳುವಷ್ಟು ಶಾಂತಿ ಬಂತು ಎಂಬುದು ಸರ್ ವಾದ. ಖಂಡಿಸಲು ಸಾಧ್ಯವೇ ಇಲ್ಲದ ವಾದವನ್ನು ವಾದ ಅನ್ನುವುದಿಲ್ಲ ಎಂದು ನಾನು ಹೇಳಿದೆ. ಮೂರು ದಿನ ಮಾತು ಬಿಟ್ಟಿದ್ದರು.

ಅಲ್ಲಿಂದ ನನಗೊಂದು ಪದ್ಧತಿ ಸಿಕ್ಕಿತು. ಎಲ್ಲ ಸರಿ ಇದೆಯಾ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಹೌದು ಅನ್ನುತ್ತಾರೆ, ಹೌದು ಅನ್ನುವುದು ಸುಲಭ. ಉತ್ತರ ತಪ್ಪಾಗಲು ಅವಕಾಶವಿರುವ ಪ್ರಶ್ನೆ ಕೇಳಬೇಕು. ಹಿರೇಮಠ ಸರ್ ಪದ್ಧತಿ ಇದಕ್ಕೆ ತದ್ವಿರುದ್ಧ, ಅದನ್ನು ಹೇಳಬೇಕಾದರೆ ಹಾವಿನ ವಿಷಯ ಹೇಳಬೇಕು.

ಆ ಸರ್ವರುಗಳ ಕೀಬೋರ್ಡನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆಯ ಮೇಲಿನ ಅಕ್ಷರಗಳೆಲ್ಲ ಅಡಗಿ, ಕೆಂಪು ಚೌಕಗಳ ಒಂದು ಹಾವು ಕಾಣಿಸಿಕೊಂಡು ಹರಿದಾಡುತ್ತದೆ. ಕೆಲಸ ಹೆಚ್ಚಾದಷ್ಟೂ ಹಾವು ಉದ್ದವಾಗುತ್ತದೆ, ವೇಗವಾಗುತ್ತದೆ. ಗಿರಾಕಿಗಳು ಫೋನ್ ಮಾಡಿದರೆ ಸರ್ ಮೊದಲು ಕೇಳುತ್ತಿದ್ದುದು, “ಹಾವು ಅಡ್ಡಾಡಾಕತ್ತೈತೇನ್ರಿ?” ಹೌದು ಅಂದರೆ, “ಹಂಗಾರ ಮುಟ್ಟಬ್ಯಾಡ್ರಿ.” ಅರ್ಧ ಕರೆಗಳು ಅಲ್ಲಿಗೇ ಮುಗಿಯುತ್ತಿದ್ದವು. ವರ್ಷಾನುಗಟ್ಟಲೆ ಇದನ್ನೇ ಕೇಳಿ ಕೇಳಿ ಗಿರಾಕಿಗಳಲ್ಲಿ ಒಂದು ಸಂಪ್ರದಾಯವೇ ಬೆಳೆದುಬಿಟ್ಟಿತ್ತು. ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿಡುವುದು, ಹೊಸಬರಿಗೆ ಆ ಮೂಲೆಗೆ ಹೋಗಬೇಡಿ ಅನ್ನುವುದು. ಹಾವು ಓಡಾಡುತ್ತಿದೆ ಅಂದರೆ ಸರ್ವರಿಗೆ ಪ್ರಾಣ ಇದೆ ಅಂತ ಅರ್ಥ, ಬುದ್ಧಿ ಸರಿ ಇದೆ ಅಂತ ಅಲ್ಲ ಸರ್ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅದನ್ನೇ ನಿಮ್ಮ ಬಗ್ಗೆನೂ ಹೇಳಬಹುದು ಅಂದಿದ್ದರು.

ಈಗ ಹೆಸರಘಟ್ಟಕ್ಕೆ ಬರುತ್ತೇನೆ.

ಅಲ್ಲಿ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಖಾಸಗಿ ಹಸು ಫಾರಂ ಇತ್ತು. ಹಾಲು ಮಾರುವುದು ಅದರ ನೆಪ. ನಿಜವಾದ ಕೆಲಸ ತಳಿ ಬೆಳೆಸುವುದು. ನೋಡಿಕೊಳ್ಳುತ್ತಿದ್ದವರು ಪಶುವೈದ್ಯೆ ಡಾಕ್ಟರ್ ಶಕುಂತಲಾ, ಮಾತು ಕಡಿಮೆ, ನಡಿಗೆ ಜೋರು. ಬಿಸಿಲಿಗೆ ಬಾಡದ, ಕಡಿಮೆ ಮೇವಿಗೆ ಹೆಚ್ಚು ಹಾಲು ಕೊಡುವ ಒಂದು ಹಿಂಡನ್ನು ಅವರು ತಮ್ಮ ಇಡೀ ನೌಕರಿಯಲ್ಲಿ ಕಟ್ಟಿದ್ದರು. ಯಾವ ಹಸುವಿಗೆ ಯಾವ ಹೋರಿ, ಯಾವ ಕರುವಿನ ಅಜ್ಜಿ ಯಾರು ಎಲ್ಲವೂ ನಮ್ಮ ಸರ್ವರಿನಲ್ಲಿತ್ತು. ನನ್ನ ವಂಶದಲ್ಲಿ ಮುತ್ತಜ್ಜನಿಂದಾಚೆ ಯಾರಿಗೂ ಏನೂ ಗೊತ್ತಿಲ್ಲ. ಆ ಹಸುಗಳಿಗೆ ಗೊತ್ತಿತ್ತು. ಹುಟ್ಟಿದ ವರ್ಷಕ್ಕೊಂದು ಅಕ್ಷರ, ಆ ವರ್ಷದ ಕರುಗಳಿಗೆಲ್ಲ ಅದೇ ಅಕ್ಷರದ ಹೆಸರು. ಆ ವರ್ಷ ‘ಚ’. ಚಂದ್ರಿ, ಚೆಲುವಿ ಎಂದು ಮರ್ಯಾದೆಯಿಂದ ಶುರುವಾಗಿ, ಹೆಸರು ತೀರಿಹೋಗಿ, ಶ್ರಾವಣದಲ್ಲಿ ಹುಟ್ಟಿದ ಕರು ಚಕ್ಕುಲಿ ಆಗಿತ್ತು.

ಫಾರಂ ಮಾಲೀಕರು ಜಮೀನು ಮಾರಲು ನಿರ್ಧರಿಸಿದ್ದರು. ಹೊಸ ಯಜಮಾನನಿಗೆ ಬೇಕಿದ್ದದ್ದು ಲೇಔಟು, ಹಸುವಲ್ಲ. ಹಾವೇರಿ ಕಡೆಯ ಒಂದು ತಳಿ ಕೇಂದ್ರ ಇಡೀ ಹಿಂಡನ್ನು ಒಟ್ಟಿಗೆ ತೆಗೆದುಕೊಳ್ಳಲು ಒಪ್ಪಿತ್ತು, ಡಾಕ್ಟರನ್ನೂ ಜೊತೆಗೆ ಕರೆದಿತ್ತು. ಷರತ್ತು ಒಂದೇ: ಪ್ರತಿ ಹಸುವಿನ, ಪ್ರತಿ ಗಬ್ಬದ ವಂಶಾವಳಿ ತೋರಿಸಬೇಕು. ಇಲ್ಲದಿದ್ದರೆ ಹಿಂಡು ಒಡೆದು ಒಂದೊಂದಾಗಿ ಸಂತೆಗೆ ಹೋಗುತ್ತದೆ. ಸಂತೆಯಲ್ಲಿ ಹಸುವಿನ ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಹಾವೇರಿಯವರು ನೋಡಲು ಬರುವುದು ನಾಳೆ ಬೆಳಿಗ್ಗೆ ಎನ್ನುವಾಗ ನಮಗೆ ಫೋನ್ ಬಂತು. ಸರ್ವರ್ ಏಳುತ್ತಿಲ್ಲ. ಹಿಂದಿನ ದಿನ ಆಯುಧಪೂಜೆ.

ಹಿರೇಮಠ ಸರ್ ಸ್ಕೂಟರಿನ ಹಿಂದೆ ಕೂತು ಜಾಲಹಳ್ಳಿ, ಶೆಟ್ಟಿಹಳ್ಳಿ ದಾಟಿ ಹೋದೆವು. ಆ ಸರ್ವರಿನಲ್ಲಿ ಎರಡು ಡಿಸ್ಕು, ಎರಡು ಕಾರ್ಡು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಅದೇ ಹೊತ್ತಿಗೆ ಬರೆಯಲ್ಪಡುತ್ತದೆ, ಕನ್ನಡಿಯಂತೆ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಆರಂಭದ ಫೈಲಿನಲ್ಲಿ ಡ್ರೈವರನ್ನು ಎರಡು ಸಲ, ಎರಡು ವಿಳಾಸ ಕೊಟ್ಟು ಕರೆಯುವ ಎರಡು ಸಾಲು ಇರುತ್ತವೆ. ನಾವು ಹೋಗಿ ನೋಡಿದರೆ ಮೊದಲ ಸಾಲಿಗೆ ಉತ್ತರ, ಆ ವಿಳಾಸದಲ್ಲಿ ಕಾರ್ಡೇ ಇಲ್ಲ. ಎರಡನೆಯದು ಸಿಕ್ಕಿತ್ತು.

ಮುಚ್ಚಳ ಬಿಚ್ಚಿದೆ. ಒಳಗೆ ಮೊದಲ ಕಾರ್ಡಿನ ಬುಡಕ್ಕೆ, ಚಿನ್ನದ ಬಣ್ಣದ ಹಲ್ಲುಗಳು ಸ್ಲಾಟಿನೊಳಗೆ ಕೂರುವಲ್ಲಿ, ಎಣ್ಣೆಯಲ್ಲಿ ಕಲಸಿದ ಕುಂಕುಮ.

ಹಚ್ಚಿದವರು ಆಫೀಸಿನ ಗುಮಾಸ್ತ ರಂಗಸ್ವಾಮಿ, ಹೆಸರಘಟ್ಟದವರೇ, ಕಟ್ಟುನಿಟ್ಟಿನ ಮನುಷ್ಯ. ಪ್ರತಿ ವರ್ಷ ಡಬ್ಬದ ಮೇಲೆ ಹಚ್ಚುತ್ತಿದ್ದವರು ಈ ಸಲ ಯಾಕೆ ಒಳಗೆ ಎಂದು ಕೇಳಿದೆ.

“ಟ್ರಾಕ್ಟರ್‌ಗೆ ಇಂಜಿನ್‌ಗೇ ಅಚ್ತೀವಲ್ಲ ಮೇಡಂ. ಇದಕ್ ಮಾತ್ರ ಡಬ್ಬಕ್ ಅಚ್ಚಿದ್ರೆ ಪೂಜೆ ಎಂಗಾಯ್ತದೆ? ಕಾರ್ಡ್ ಒಂದ್ಸಲ ಈಚೆ ತೆಗೆದು, ಅಚ್ಚಿ, ಮತ್ತೆ ಇಂಗೇ ಕೂರಿಸಿದೆ. ಈ ವರ್ಷ ದೊಡ್ಡ ವ್ಯಾಪಾರ ಬೇರೆ ಇತ್ತಲ್ಲ.”

ತರ್ಕ ನೋಡಿ, ಒಂದು ಕೊಂಡಿಯೂ ಸಡಿಲವಿಲ್ಲ. ನಾನು ಆದರೂ ಬಿಡಲಿಲ್ಲ. ಎಣ್ಣೆ, ವಿದ್ಯುತ್ತು, ವಿಚಾರ, ಭಕ್ತಿ ಎಲ್ಲದರ ಬಗ್ಗೆ ಅವರಿಗೊಂದು ಭಾಷಣ ಕೊಟ್ಟೆ. ನಾನು ಭಾಷಣದ ಎರಡನೆಯ ಅಂಶಕ್ಕೆ ಬಂದಿದ್ದಾಗ ಹಿಂದಿನಿಂದ ಹಿರೇಮಠ ಸರ್, ಬಂತು ಬಂತು ಅಂದರು. ಮೊದಲ ಕಾರ್ಡು ಹೊರಗಿಟ್ಟು, ಎರಡನೆಯದನ್ನಷ್ಟೇ ನಂಬಿ ಸರ್ವರನ್ನು ಎಬ್ಬಿಸಿದ್ದರು. ಪರದೆಯ ತುಂಬ ಫೈಲುಗಳು. ಹಸುಗಳ ಹೆಸರು ಸಾಲುಸಾಲಾಗಿ ಬಂದವು. ಬೆಳಗಿನಿಂದ ನಿಂತೇ ಇದ್ದ ಡಾಕ್ಟರ್ ಶಕುಂತಲಾ ಆಗ ಕುರ್ಚಿಯಲ್ಲಿ ಕೂತರು. ರಂಗಸ್ವಾಮಿ ಕಾಫಿಗೆ ಹೇಳಿದರು.

ಇನ್ನು ಉಳಿದದ್ದು ಮಾಮೂಲಿ ಕೆಲಸ. ಕಾರ್ಡಿನ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆವು. ನಮ್ಮ ಇಡೀ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಕೂರಿಸಿ ಡ್ರೈವರ್ ಕರೆದರೆ ಮೊದಲ ಡಿಸ್ಕೂ ಕಂಡಿತು. ಈಗ ಎರಡನ್ನೂ ಮತ್ತೆ ಕನ್ನಡಿ ಮಾಡಬೇಕು. ಅಂದರೆ ಓಡುತ್ತಿರುವ ಡಿಸ್ಕಿನಲ್ಲಿರುವುದನ್ನೆಲ್ಲ ಯಂತ್ರ ಇನ್ನೊಂದರ ಮೇಲೆ ಬರೆಯುತ್ತದೆ. ಇನ್ನೊಂದರಲ್ಲಿ ಏನಿತ್ತೋ ಅದು ಹೋಗುತ್ತದೆ. ಎರಡರಲ್ಲೂ ಇರುವುದು ಒಂದೇ ಆದ್ದರಿಂದ ಹೋದರೆ ನಷ್ಟವಿಲ್ಲ. ಯಂತ್ರ, ಹೌದಾ ಎಂದು ಕೇಳಿತು. ಸರ್ ಬೆರಳು ಕೀಲಿಯ ಮೇಲಿತ್ತು.

ನಾನು ಆಗ ಬುದ್ಧಿವಂತಿಕೆಯಿಂದ ಏನೂ ಹೇಳಲಿಲ್ಲ. ಅಭ್ಯಾಸಬಲ. ಸಂಭ್ರಮ ನಡೆಯುವ ಕಡೆ ಒಂದು ಪ್ರಶ್ನೆ ಹಾಕದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ.

“ಒಂದ್ನಿಮಿಷ ಸರ್. ಡಾಕ್ಟ್ರೇ, ಎಲ್ಲಕ್ಕಿಂತ ಚಿಕ್ಕ ಕರು ಯಾವ್ದು? ಅದನ್ನ ತೆಗೀರಿ.”

“ಎಲ್ಲಾ ಅದಾವಲ್ರಿ ಪರದೆ ಮ್ಯಾಲೆ. ಮತ್ತೇನ್ ನೋಡ್ತೀರಿ?” ಅಂದರು ಸರ್.

“ಇರೋದನ್ನ ನೋಡಿದ್ದಾಯ್ತು ಸರ್. ಇಲ್ದೆ ಇರೋದನ್ನ ಯಾರೂ ನೋಡಿಲ್ಲ.”

ಡಾಕ್ಟರ್ ಚಕ್ಕುಲಿ ಎಂದು ಹುಡುಕಿದರು. ಇಲ್ಲ. ಮತ್ತೆ ಹುಡುಕಿದರು. ಚೆಲುವಿ? ಇಲ್ಲ. ‘ಚ’ ಅಕ್ಷರದಲ್ಲಿ ಯಂತ್ರಕ್ಕೆ ಗೊತ್ತಿದ್ದದ್ದು ಚಂದ್ರಿ ಒಬ್ಬಳೇ, ಸಂಕ್ರಾಂತಿಯಲ್ಲಿ ಹುಟ್ಟಿದವಳು. ಆ ಯಂತ್ರದ ಮಟ್ಟಿಗೆ ಯುಗಾದಿಯೇ ಬಂದಿರಲಿಲ್ಲ. ಬೇಸಿಗೆಯ ಕರುಗಳಿಲ್ಲ, ಶ್ರಾವಣದ ಕರುಗಳಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಈಗ ಗಬ್ಬವಾಗಿರುವ ಯಾವ ಹಸುವಿಗೂ ಯಾವ ಹೋರಿ ಎಂಬುದಿಲ್ಲ. ಹಾವೇರಿಯವರು ಮುಖ್ಯವಾಗಿ ಬರುತ್ತಿದ್ದದ್ದೇ ಆ ಗಬ್ಬದ ಹಸುಗಳಿಗಾಗಿ.

ಕಾಫಿ ತಂದ ರಂಗಸ್ವಾಮಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು.

ಏನಾಗಿತ್ತು ಎಂಬುದು ನನಗೂ ಸರ್‌ಗೂ ಒಟ್ಟಿಗೇ ಹೊಳೆಯಿತು, ಅವರ ಮುಖ ನೋಡಿದಾಗ ಗೊತ್ತಾಯಿತು. ಯುಗಾದಿಗೆ ಮುಂಚೆ ಎಂದೋ ಎರಡನೆಯ ಡಿಸ್ಕು ಒಂದು ಕ್ಷಣ ಉತ್ತರ ಕೊಡದೆ ತಡಮಾಡಿದೆ. ಸರ್ವರ್ ಅದನ್ನು ಕನ್ನಡಿಯಿಂದ ಹೊರಗೆ ಹಾಕಿ, ಪರದೆಯ ಮೇಲೆ ಎಚ್ಚರಿಕೆ ಬರೆದು, ಅಲ್ಲಿಂದಾಚೆ ಮೊದಲ ಡಿಸ್ಕಿನಲ್ಲಷ್ಟೇ ಬರೆಯುತ್ತಾ ಹೋಗಿದೆ. ಎಚ್ಚರಿಕೆಯ ಮೇಲೆ ಹಾವು ಹರಿದಾಡಿದೆ. ಒಂದು ಕೀಲಿ ಒತ್ತಿದ್ದರೆ ಹಾವು ಸರಿದು ಅಕ್ಷರ ಕಾಣುತ್ತಿತ್ತು. ಯಾರೂ ಒತ್ತಲಿಲ್ಲ. ಹಾವು ಓಡಾಡುತ್ತಿದ್ದರೆ ಮುಟ್ಟಬೇಡಿ ಎಂದು ಹೇಳಿದ್ದು ನಮ್ಮ ಕಚೇರಿಯೇ. ಈಗ ಕುಂಕುಮದ ಕೃಪೆಯಿಂದ ಒಳ್ಳೆಯ ಡಿಸ್ಕು ಕಾಣದಾಗಿ, ಹಳಸಿದ ಡಿಸ್ಕು ಮಾತ್ರ ಎದ್ದಿದೆ. ಎಬ್ಬಿಸುವಾಗ ಯಂತ್ರ ಕೇಳಿಯೂ ಇದೆ, ಇದು ತನ್ನ ಜೋಡಿಗಿಂತ ಹಿಂದುಳಿದಿದೆ, ಆದರೂ ನಂಬಲೇ ಎಂದು. ನಾನು ಭಾಷಣ ಮಾಡುತ್ತಿದ್ದೆ, ಸರ್ ಹೌದು ಅಂದಿದ್ದರು. ಇನ್ನೊಂದು ಹೌದು ಅಂದಿದ್ದರೆ ಯಂತ್ರ ಸಂಕ್ರಾಂತಿಯ ಲೋಕವನ್ನು ತೆಗೆದು ಚಕ್ಕುಲಿಯ ಲೋಕದ ಮೇಲೆ ಬಳಿದುಬಿಡುತ್ತಿತ್ತು, ನಿಷ್ಠೆಯಿಂದ, ಒಂದಕ್ಷರ ಬಿಡದೆ.

ಸರ್ ಬೆರಳನ್ನು ಕೀಲಿಯಿಂದ ಎತ್ತಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನೀವ ಕೂಡ್ರಿ ವಕೀಲ್ರ,” ಅಂದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಸರ್ವರನ್ನು ಆರಿಸಿದೆ. ಹಳಸಿದ ಡಿಸ್ಕಿನ ಕೇಬಲ್ ಕಿತ್ತು, ಡಿಸ್ಕನ್ನು ಪಕ್ಕಕ್ಕಿಟ್ಟೆ, ಆಮೇಲೆ ಕೈತಪ್ಪಿಯೂ ಅದು ಹತ್ತಿರ ಬರದಿರಲಿ ಎಂದು ಡಾಕ್ಟರ್ ಕೈಗೇ ಕೊಟ್ಟೆ. ಆರಂಭದ ಫೈಲಿನ ಎರಡೂ ಸಾಲು ತೆಗೆದು ಯಂತ್ರವನ್ನು ಕುರುಡಾಗಿಯೇ ಎಬ್ಬಿಸಿದೆ. ಮಿನುಗುವ ಚುಕ್ಕೆಯ ಮುಂದೆ ಡ್ರೈವರನ್ನು ಕರೆದು, ಕಾರ್ಡಿನ ಟೋಪಿಯನ್ನು ಎರಡು ಸಲ ನೋಡಿ, ಪೋರ್ಟ್ ಬರೆದೆ, ಇಂಟರಪ್ಟ್ ಬರೆದೆ. ಕೈಪಿಡಿ ಚೀಲದಲ್ಲೇ ಇತ್ತು. ಯಂತ್ರ ತನ್ನ ಹಳೇ ಚಾಳಿಯಂತೆ ಸುಮ್ಮನಾಯಿತು. ಕೆಟ್ಟು ನಿಂತಿತೋ ಯೋಚಿಸುತ್ತಿದೆಯೋ ಎಂದು ಹೊರಗಿನಿಂದ ಹೇಳಲಾಗದ ಮೌನ ಅದು. ಡಾಕ್ಟರ್ ಶಕುಂತಲಾ ಡಿಸ್ಕನ್ನು ಎದೆಗೊತ್ತಿಕೊಂಡು ಕಿಟಕಿಯಾಚೆ ಕೊಟ್ಟಿಗೆಯ ಕಡೆ ನೋಡುತ್ತಿದ್ದರು. ಒಳ್ಳೆಯ ಡಿಸ್ಕೂ ಎಣ್ಣೆಯ ಪಾಲಾಗಿದ್ದರೆ ಏನು ಹೇಳಬೇಕು ಎಂದು ನಾನು ಯೋಚಿಸಿದೆ.

ಡಿಸ್ಕಿನ ದೀಪ ಒಮ್ಮೆ ಹೊಳೆಯಿತು. ಮತ್ತೆ ಹೊಳೆಯಿತು. ಆಮೇಲೆ ಬಿಡದೆ ಹೊಳೆಯತೊಡಗಿತು.

ಡಾಕ್ಟರೇ ಬಂದು ಹೆಸರು ಒತ್ತಿದರು. ಚಕ್ಕುಲಿ. ತಾಯಿ ಇಂಥವಳು, ತಂದೆ ಇಂಥವನು, ಎಡಗಿವಿಯಲ್ಲಿ ಬಿಳಿ ಮಚ್ಚೆ. ಆಮೇಲೆ ಒಂದೊಂದಾಗಿ ಗಬ್ಬದ ಹಸುಗಳನ್ನು ತೆಗೆದು ನೋಡಿದರು, ಎಲ್ಲವನ್ನೂ, ನಾನು ಸಾಕು ಅಂದರೂ ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಕಡತಗಳನ್ನು ಅವರ ಲ್ಯಾಪ್‌ಟಾಪಿಗೆ ಇಳಿಸಿ, ಅದರಲ್ಲೂ ಚಕ್ಕುಲಿಯನ್ನು ಹುಡುಕಿಸಿ, ಆಮೇಲಷ್ಟೇ ತಣ್ಣಗಾದ ಕಾಫಿ ಕುಡಿದೆವು.

ಆಗ ರಂಗಸ್ವಾಮಿ ನನ್ನ ಹತ್ತಿರ ಬಂದು, ಬಹಳ ವಿನಯದಿಂದ ಕೇಳಿದರು. “ಪೂಜೆಗೆ ಅಂತ ಆಫ್ ಮಾಡ್ದೆ ಇದ್ದಿದ್ರೆ, ಒಂದ್ ಡಿಸ್ಕು ಕೆಟ್ಟೈತೆ ಅಂತ ಗೊತ್ತಾಗ್ತಿದ್ದದ್ದು ಎರಡ್ನೇದೂ ಕೆಟ್ಮೇಲೇ ಅಲ್ವಾ ಮೇಡಂ?”

ಸರ್ ಮೀಸೆಯಡಿ ನಗುತ್ತಿದ್ದರು. ಕುಂಕುಮ ಹಚ್ಚುವುದಕ್ಕೂ ಆರಿಸುವುದಕ್ಕೂ ವ್ಯತ್ಯಾಸವಿದೆ, ಎರಡನೆಯದನ್ನು ಪೂಜೆಯಿಲ್ಲದೆಯೂ ಮಾಡಬಹುದಿತ್ತು ಅಂದೆ. ಮಾಡಬಹುದಿತ್ತು, ನಾವು ಮಾಡಿರಲಿಲ್ಲ. ವರ್ಷಕ್ಕೊಮ್ಮೆ ಆ ಯಂತ್ರವನ್ನು ಆರಿಸಿ ಎಬ್ಬಿಸಿ ಪರೀಕ್ಷೆಗೆ ಒಡ್ಡುತ್ತಿದ್ದವರು ಇಡೀ ಊರಿನಲ್ಲಿ ರಂಗಸ್ವಾಮಿಯೊಬ್ಬರೇ. ಅವರಿಗೆ ಒಂದು ಅಂಕ ಕೊಟ್ಟೆ. ಎಣ್ಣೆಗೆ ಒಂದು ಕಳೆದೆ.

ಮಾರನೆಯ ದಿನ ಹಾವೇರಿಯವರು ಬಂದರು. ಬಂದವರಲ್ಲಿ ಹಿರಿಯ ಮನುಷ್ಯ ಕಂಪ್ಯೂಟರ್ ಕಡೆ ಹೋಗಲೇ ಇಲ್ಲವಂತೆ. ಕೊಟ್ಟಿಗೆಯಲ್ಲಿ ನಿಂತು, ಕಟ್ಟಿದ್ದ ಕರುಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಕಡೆ ಕೈ ತೋರಿಸಿ, ಇದರ ಅವ್ವ ಯಾರು, ತೋರಿಸ್ರಿ ಅಂದರಂತೆ. ಇದನ್ನು ಕೇಳಿದಾಗ ಆ ಮನುಷ್ಯನನ್ನು ಹಿಂದಿನ ಜನ್ಮದಲ್ಲಿ ನೋಡಿದ್ದೆ ಅನ್ನಿಸಿತು, ಜನ್ಮಾಂತರದಲ್ಲಿ ನನಗೆ ನಂಬಿಕೆ ಇಲ್ಲದಿದ್ದರೂ.

ಹಿಂಡು ಒಡೆಯದೆ ಹೋಯಿತು. ಲಾರಿಗಳು ಹೋದ ಮೇಲೆ ಸರ್ವರನ್ನು ಶಾಶ್ವತವಾಗಿ ಆರಿಸಲು ನಾವಿಬ್ಬರೂ ಹೋದೆವು. ನಮ್ಮ ಉಳಿದ ಗಿರಾಕಿಗಳೆಲ್ಲ ಆಗಲೇ ಹೊಸದಕ್ಕೆ ಹೋಗಿದ್ದರು, ಉಳಿದಿದ್ದದ್ದು ಅದೊಂದೇ. ಖಾಲಿ ಕೋಣೆಯಲ್ಲಿ ಹಾವು ಒಬ್ಬಂಟಿಯಾಗಿ, ಕೆಲಸವಿಲ್ಲದೆ ಗಿಡ್ಡವಾಗಿ, ನಿಧಾನಕ್ಕೆ ಹರಿದಾಡುತ್ತಿತ್ತು. ನೀವೇ ಆರಿಸಿ ಅಂದೆ. ಹಿರೇಮಠ ಸರ್ ಕೀಬೋರ್ಡಿನ ಮೇಲಿದ್ದ ಬಟ್ಟೆ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು, ಹಾವನ್ನು ಸ್ವಲ್ಪ ಹೊತ್ತು ನೋಡಿದರು, ನನಗೆ ಮುಟ್ಟಾಕ ಆಗೂದಿಲ್ರಿ ಅಂದರು. ನಾನು ಒಂದು ಕೀಲಿ ಒತ್ತಿದೆ. ಹಾವು ಹೋಯಿತು. ಕೆಳಗಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿ, ಏನೂ ಎಚ್ಚರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಆರಿಸಿದೆ.

ಈಗ ನಾನು ಸಹಕಾರನಗರದಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ತಂದೆತಾಯಿಯರ ದೂರು ಬರುತ್ತದೆ, ಮಕ್ಕಳು ಮನೆಯಲ್ಲಿ ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾರೆ ಎಂದು. ಅದಕ್ಕೇ ಫೀಸು ಅಂತ ಹೇಳುತ್ತೇನೆ.

ಮೊನ್ನೆ ಹಾವೇರಿಯಿಂದ ಡಾಕ್ಟರ್ ಶಕುಂತಲಾ ಫೋನ್ ಮಾಡಿದ್ದರು. ಚಕ್ಕುಲಿ ಕರು ಹಾಕಿದೆ, ಹೆಣ್ಣು. ಈ ವರ್ಷದ ಅಕ್ಷರ ‘ಝ’, ಇಡೀ ಕೇಂದ್ರದವರು ಕೂತು ತಲೆ ಕೆರೆದುಕೊಂಡು ಝರಿ ಅಂತ ಇಟ್ಟಿದ್ದಾರೆ. ಈಗಿನ ಸರ್ವರ್ ಎಲ್ಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲ ಅದರಲ್ಲೇ ಇದೆ ಅಂದರು. ಪ್ರಶ್ನೆ ಕೇಳಲು ನನ್ನ ಬಾಯಿ ತೆರೆಯಿತು.

“ಕೇಳ್ತೀರ ಅಂತ ಗೊತ್ತಿತ್ತು,” ಅಂದರು ಅವರು. “ಝರಿ ಅಜ್ಜಿ ಹೆಸರು ತೆಗೆದು ಮುಂದೆ ಇಟ್ಕೊಂಡೇ ಫೋನ್ ಮಾಡಿದೀನಿ. ಕೇಳಿ.”